ನಾಲ್ಕು ಗಂಟೆಯ ಗಾಳಿ

ಬೆಳಗಿನ ಐದಕ್ಕೆ ವ್ಯಾನಿಗೆ ಸಾಸೇಜು ತುಂಬುತ್ತೇನೆ,
ಮುನ್ನೂರು ಕಿಲೋ, ಮೈತುಂಬ ಬಿಳಿ ಬೂಷ್ಟು.
ನಮ್ಮ ಬಯಲಿನ ಮಂಜು ಕುಡಿದು ಒಣಗಿದ್ದು,
ಬೆಲೆ ಮಂಜಿಗೇ, ಮಾಂಸಕ್ಕಲ್ಲ ಅನ್ನುತ್ತಾನೆ ಮಾಲೀಕ.
ಟೋನಾ ದಾಟಿ, ಕೊಂಗೋಸ್ತ್ ಕಣಿವೆಯ ಸಂದಿಯಲ್ಲಿಳಿದು
ಏಳಕ್ಕೆ ಬಾರ್ಸಿಲೋನಾದ ಮೆರಿಡಿಯಾನಾ ರಸ್ತೆ.
ಅಲ್ಲಿ ನಿಲ್ಲುತ್ತೇನೆ. ಎಲ್ಲರೂ ನಿಲ್ಲುತ್ತಾರೆ.
ಮುಂದಿನವನ ಕೊಳವೆ ನನ್ನ ಮುಖಕ್ಕೆ,
ನನ್ನದು ಹಿಂದಿನವನ ಮುಖಕ್ಕೆ,
ಹೀಗೇ ಒಂದು ಸಾಲು, ಕಡಲ ತನಕ.

ಆ ಹೊಗೆ ಎಲ್ಲಿಗೆ ಹೋಗುತ್ತದೆಂದು
ಇಪ್ಪತ್ತೆರಡು ವರ್ಷ ಕೇಳಿದವನಲ್ಲ ನಾನು.
ಹೋಗುವುದು ಹೊಗೆಯ ಕಸುಬು.

ಹೇಳಿದವಳು ಮಗಳು ಕೆರಾಲ್ತ್, ಹತ್ತು ವರ್ಷ,
ಶಾಲೆಯ ಹಿತ್ತಲಲ್ಲಿ ತಂಬಾಕು ಬೆಳೆಯುವವಳು.
ಸೇದಲಿಕ್ಕಲ್ಲ ಅಪ್ಪಾ, ಓದಲಿಕ್ಕೆ.
ಕೆಳಗಿನ ಎಲೆಗೆ ಮೊದಲು ಚುಕ್ಕೆ,
ಸಿಡುಬು ಬಿಟ್ಟುಹೋದ ಕೆನ್ನೆಯ ಹಾಗೆ,
ಬಿಳಿಚಿ, ಆಮೇಲೆ ಕಂದು.
ಚೌಕುಳಿ ಗೆರೆಯ ಗಾಜಿನ ಹಾಳೆ ಇಟ್ಟು ಎಣಿಸುತ್ತಾಳೆ,
ಎಣಿಸುವಾಗ ನಾಲಿಗೆಯ ತುದಿ ಹೊರಗೆ.

ಸಾಮಾನು ಪೇಟೆಯದು, ಒಲೆ ಸೂರ್ಯನದು,
ದಾರಿಯುದ್ದಕ್ಕೂ ಬೇಯಿಸುತ್ತಾ ಬಂದು
ಕಡಲಗಾಳಿ ಬಡಿಸುವುದು ನಮ್ಮ ಎಲೆಗೆ.
ಪೇಟೆಯಲ್ಲಾದರೆ ಹೊಸ ಹೊಗೆ
ಹಳೆಯ ವಿಷವನ್ನು ತಿಂದು ಮುಗಿಸುತ್ತದಂತೆ.
ಇಲ್ಲಿ ತಿನ್ನಲು ಯಾರಿದ್ದಾರೆ?
ಹಸು, ಜೋಳ, ನಾವು.
ಇಬ್ಬರು ಕೈಹಿಡಿದರೆ ಉಸಿರು ಅಪ್ಪಾ,
ಮೂರನೆಯವ ನುಗ್ಗಿದರೆ ಓಝೋನು.
ಮುಗಿಲಾಚೆ ಅವನೇ ಕೊಡೆ ಹಿಡಿಯುವವನು,
ಇಲ್ಲಿ ಇಳಿದರೆ ಗಂಟಲಲ್ಲಿ ಮುಳ್ಳು.

ಅಮ್ಮನಿಗೆ ಇದೊಂದೂ ಬೇಡ.
ಅವಳಿಗೆ ಅದು ಮರಿನಾದಾ,
ಬೇಸಗೆಯ ನಾಲ್ಕಕ್ಕೆ ತಪ್ಪದೆ ಬರುವ ನೆಂಟ.
ಆಗೆಲ್ಲ ಬೀದಿಗೆ ಬೀದಿಯೇ ಕುರ್ಚಿ ಹೊರಗೆಳೆದು,
ಮಡಿಲಲ್ಲಿ ಬಟಾಣಿ ಸುಲಿಯುತ್ತಾ ಕಾಯುತ್ತಿತ್ತು.
ಮೂವತ್ತು ತುಂಬುವ ತನಕ ಕಡಲು ಕಾಣದ ರೆಮೇಯ್,
ಅದರ ಉಸಿರನ್ನು ಮಾತ್ರ ದಿನಾ ಬಲ್ಲವಳು.

ಈಗ ಮೂರೂವರೆಗೆ ಪುರಸಭೆಯ ಸಂದೇಶ:
ಕಿಟಕಿ ಮುಚ್ಚಿ, ಮಕ್ಕಳನ್ನು ಓಡಲು ಬಿಡಬೇಡಿ.
ಕೆರಾಲ್ತಳ ಹಾಕಿ ಆಟ ರದ್ದು,
ಗಾಲಿಯ ಬೂಟು ಗೂಟಕ್ಕೆ ನೇತುಬಿದ್ದಿದೆ.

ಜುಲೈಯ ಒಂದು ಮಂಗಳವಾರ ವ್ಯಾನು ಕೆಟ್ಟಿತು.
ನಾಲ್ಕಕ್ಕೆ ನಾನು ಮನೆಯಲ್ಲಿ, ಎಷ್ಟೋ ವರ್ಷದ ಮೇಲೆ.
ಗಾಳಿ ಬರುವುದನ್ನು ಕಂಡೆ:
ಕಣಿವೆಯ ಬಾಯಲ್ಲಿ ಪೋಪ್ಲರ್ ಮರ ಬೆನ್ನು ತಿರುಗಿಸಿತು,
ಆಮೇಲೆ ಜೋಳದ ಹೊಲ,
ಆಮೇಲೆ ಫೆರ್ರೆರ್ ಮನೆಯ ಒಗೆದ ಬಟ್ಟೆ.
ಮುಚ್ಚಿದ ಕಿಟಕಿಯನ್ನು ಅಮ್ಮ ತೆರೆದಳು.
ನೆಂಟರು ಬರುವ ಹೊತ್ತಿಗೆ ಅಗಳಿ ಹಾಕಬಾರದು.

ತಂಪು. ಅದರ ಹಿಂದೆಯೇ
ಜೆರಾಕ್ಸ್ ಅಂಗಡಿಯ ವಾಸನೆ, ಕಾದ ತಂತಿಯದು.
ಅಮ್ಮ ಎರಡು ಸಲ ಕೆಮ್ಮಿ,
ಬಟಾಣಿಯ ದೂಳು ಅಂದಳು.
ಬಟಾಣಿ ಇನ್ನೂ ಚೀಲದಲ್ಲೇ ಇತ್ತು.

ಇವತ್ತಿನದರಲ್ಲಿ ನನ್ನ ಪಾಲಿಲ್ಲ ಅಂದೆ.
ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.
ಒಂದೇ ವ್ಯಾನು ಅಪ್ಪಾ, ಅಂದಳು.
ಹಂಗಿಸಲಿಲ್ಲ, ಲೆಕ್ಕ ಹೇಳಿದಳು.

ಗುರುವಾರ ಪಿರಿನೀಸ್ ಕಡೆಯಿಂದ ಗುಡುಗು ಇಳಿಯಿತು.
ಎರಡು ದಿನ ಮಳೆ, ಸಂದೇಶವಿಲ್ಲ.
ತಂಬಾಕಿನ ತುದಿಯಲ್ಲಿ ಹೊಸ ಎಲೆ ಚಿಗುರಿ
ಎಳೆಗೂಸಿನ ಕಿವಿಯಷ್ಟು ನುಣುಪಾಗಿತ್ತು.
ಕೆಳಗಿನ ಚುಕ್ಕೆ ಮಾಯಲಿಲ್ಲ.
ಮಾಯುವುದಿಲ್ಲ ಅಂತ ಗೊತ್ತಿತ್ತು ಅವಳಿಗೆ,
ಆದರೂ ಮತ್ತೆ ಎಣಿಸಿದಳು.

ಸೋಮವಾರ ಮತ್ತೆ ಬಿಸಿಲು, ಮತ್ತೆ ಮೆರಿಡಿಯಾನಾ.
ಕೊನೆಯ ಅಂಗಡಿಗೆ ಇಳಿಸಿ ಹೊರಟಾಗ ಎರಡೂ ಮುಕ್ಕಾಲು.
ಗಾಳಿಗಿಂತ ಮೊದಲು ಊರು ಮುಟ್ಟಬೇಕು,
ಅಮ್ಮ ಏಳುವ ಮೊದಲು ಆ ಕಿಟಕಿ ಮುಚ್ಚಬೇಕು.
ಕಣಿವೆಯ ಏರಿನಲ್ಲಿ ಕಾಲೊತ್ತಿದೆ.
ಇನ್ನೂ ಒತ್ತಿದೆ.
ಕನ್ನಡಿಯಲ್ಲಿ ನನ್ನ ಹಿಂದೆ
ರಸ್ತೆ ತುಸು ನೀಲಿಯಾಗಿತ್ತು.